ಮೂರು ಚಳಿಗಾಲದ ಗಡುವು

ಸೆಫ್ರೂ
ನವೆಂಬರ್ 3, 2017

ಮಗಳೇ ತುರಿಯಾ,

ಇಲ್ಲಿ ಎಲ್ಲರೂ ಕ್ಷೇಮ. ನಲ್ಲಿ ನೀರು ಮಾತ್ರ ಆಗಲೇ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿದೆ. ಫೋನ್ ಮಾಡಿದರೆ ನೀನು ಅಲ್ಲಿಂದ ಕಿರುಚಬೇಕು, ನಾನು ಇಲ್ಲಿ "ಏನು, ಏನು" ಅನ್ನಬೇಕು. ಅಷ್ಟರಲ್ಲಿ ನಿನ್ನ ಅಮ್ಮ ಫೋನ್ ಕಿತ್ತುಕೊಂಡು ತನ್ನ ಮಾತು ಮುಗಿಸಿ ಇಟ್ಟುಬಿಡುತ್ತಾಳೆ. ಮೂವತ್ತು ವರ್ಷ ಪೈಪು ಬಡಿದ ಕಿವಿ ಇದು, ಅದರ ತಪ್ಪಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಈಗ ಸುಗ್ಗಿ. ಚಳಿ ಬಿದ್ದೊಡನೆ ಎಲ್ಲರಿಗೂ ಗ್ಯಾಸ್ ಗೀಸರ್ ನೆನಪಾಗುತ್ತದೆ. ಪಕ್ಕದ ಮನೆಯ ಇಟ್ಟೊಗೂ ಹೋದ ವಾರ ಒಂದು ಹಾಕಿಕೊಟ್ಟೆ, ಇರುವುದರಲ್ಲೇ ಅಗ್ಗದ್ದು. ಗಂಡ ಸತ್ತ ಮೇಲೆ ಅವಳಿಗೆ ಜಲಾಬಾ ನಿಲುವಂಗಿಯ ರೇಷ್ಮೆ ಗುಂಡಿ ಕಟ್ಟುವುದೇ ಜೀವನ. ತಣ್ಣೀರಿಗೆ ಬೆರಳು ಒಡೆದರೆ ರೇಷ್ಮೆ ಎಳೆ ಚರ್ಮಕ್ಕೆ ಸಿಕ್ಕಿ ಕಿತ್ತು ಬರುತ್ತದಂತೆ. ಚೌಕಾಸಿ ಮಾಡಿ ಮಾಡಿ ಕೊನೆಗೆ ನನ್ನ ಕೂಲಿಯನ್ನೂ ಬಿಡಿಸಿಕೊಂಡಳು. ಮೇಲೆ ಒಂದು ಲೋಟ ಚಹಾ ಕೊಟ್ಟು "ಇನ್ನೇನು ಬೇಕು ನಿನಗೆ, ಅರಮನೇನಾ?" ಅಂದಳು.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಶುಕ್ರವಾರ ಮಾತ್ರ ತಲೆನೋವು. ಕುಸ್ಕುಸ್ ಊಟ ಬಡಿಸುವ ಹೊತ್ತಿಗೆ ಹಣೆಗೆ ಬಟ್ಟೆ ಬಿಗಿದು ಕೂರುತ್ತಾಳೆ. ಯಾರದೋ ಕಣ್ಣು ಬಿದ್ದಿದೆ ಎಂದು ಇಟ್ಟೊ ಹೇಳುತ್ತಾಳೆ. ಕಣ್ಣು ಬೀಳುವಂಥದ್ದು ಈ ಮನೆಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.

ಬರೆಯಲು ಕಾರಣ ಬೇರೆ. ಹೊಗೆ ಕೊಳವೆ ಇಲ್ಲದ ಗೀಸರುಗಳನ್ನು ನಿಲ್ಲಿಸುತ್ತಾರೆ, ಪರವಾನಗಿ ಇಲ್ಲದವನು ಇನ್ನು ಗೀಸರ್ ಮುಟ್ಟುವಂತಿಲ್ಲ ಎಂದು ರೇಡಿಯೋದಲ್ಲಿ ಹೇಳಿದರಂತೆ. ಇದು ನಿಮ್ಮ ಕಚೇರಿಯ ಕೆಲಸವೋ, ಬೇರೆ ಯಾರ ತಲೆಯಲ್ಲಿ ಹುಟ್ಟಿದ್ದೋ?

ನಿನ್ನ ಅಪ್ಪ,
ಮಿಮೂನ್

---

ರಬಾತ್
ನವೆಂಬರ್ 19, 2017

ಅಪ್ಪಾ,

ಹುಟ್ಟಿದ್ದು ಬೇರೆಯವರ ತಲೆಯಲ್ಲಿ. ಈಗ ಇರುವುದು ನನ್ನ ಮೇಜಿನ ಮೇಲೆ. ನಿನಗೆ ಬೇರೆಯವರಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು.

ನೀನು ನೆಂಟರ ಮುಂದೆ ನನ್ನ ಕೆಲಸವನ್ನು "ಅದೇನೋ ತೂಗ್ತಾಳೆ" ಎಂದು ಹೇಳುತ್ತೀಯಲ್ಲ, ಅದು ಸರಿಯೇ. ಒಂದು ನಿಯಮ ಹೊರಬೀಳುವ ಮೊದಲು ಅದರಿಂದ ಯಾರಿಗೆಷ್ಟು ಖರ್ಚು, ಯಾರಿಗೆಷ್ಟು ಲಾಭ ಎಂದು ತೂಗಿ ವರದಿ ಬರೆಯುತ್ತೇವೆ. ಖರ್ಚಿನ ತಟ್ಟೆ ಸುಲಭ. ಅದಕ್ಕೆ ಅಂಗಡಿಯ ಬಿಲ್ಲು ಇರುತ್ತದೆ, ಬೈಯುವ ಜನ ಇರುತ್ತಾರೆ. ಲಾಭದ ತಟ್ಟೆಯೇ ಕಷ್ಟ. ನಿಯಮದಿಂದ ಉಳಿದುಕೊಂಡವರು ಯಾರೂ ನಮ್ಮ ಕಚೇರಿಗೆ ಬಂದು "ನಾನು ಉಳಿದೆ" ಎಂದು ಹೇಳುವುದಿಲ್ಲ. ತಾವು ಉಳಿದದ್ದು ಅವರಿಗೇ ಗೊತ್ತಿರುವುದಿಲ್ಲ.

ಆದ್ದರಿಂದ ಒಂದು ಜೀವಕ್ಕೆ ಒಂದು ಬೆಲೆ ಹಾಕಬೇಕಾಗುತ್ತದೆ. ಮೊದಲ ವರ್ಷ ನಾನೂ ಆ ಜಾಗ ಖಾಲಿ ಬಿಡುತ್ತಿದ್ದೆ. ಆಮೇಲೆ ತಿಳಿಯಿತು, ಬೆಲೆ ಹಾಕದೆ ಬಿಟ್ಟರೆ ಜನ ಅದನ್ನು ಅಮೂಲ್ಯ ಎಂದು ಓದುವುದಿಲ್ಲ, ಸೊನ್ನೆ ಎಂದು ಓದುತ್ತಾರೆ.

ಪ್ರತಿ ಚಳಿಗಾಲ ಗೀಸರಿನ ವಿಷಗಾಳಿಯಿಂದ ಸತ್ತವರ ಕಡತ ನನ್ನೆದುರಿಗಿದೆ. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು ಬರುತ್ತದೆ, ನಂತರ ನಿದ್ದೆ. ಅಮ್ಮ ಶುಕ್ರವಾರ ಬೆಳಿಗ್ಗೆ ತಾನೇ ಸ್ನಾನ ಮಾಡುವುದು? ತಲೆನೋವು ಸ್ನಾನದ ನಂತರ ಮಾತ್ರ ಬರುತ್ತದೆಯೇ, ಬೇರೆ ದಿನವೂ ಉಂಟೇ? ದಯವಿಟ್ಟು ಕೇಳಿ ಬರೆ.

ನಿನ್ನ ಮಗಳು,
ತುರಿಯಾ

---

ಸೆಫ್ರೂ
ಡಿಸೆಂಬರ್ 1, 2017

ತುರಿಯಾ,

ನಿನ್ನ ಕಾಗದ ಜೋರಾಗಿ ಓದಿದೆ. ಇಟ್ಟೊ ಇಲ್ಲೇ ಇದ್ದಳು, ಅವಳೂ ನಿನ್ನ ಅಮ್ಮನೂ ಬೆಂಕಿಯ ಪಕ್ಕ ಕೂತು ಗುಂಡಿ ಕಟ್ಟುತ್ತಿದ್ದರು.

"ತಲೆನೋವಿಗೂ ಗೀಸರೇ ಅಂತಾಳಾ?" ಅಂದಳು ನಿನ್ನ ಅಮ್ಮ. "ಇಪ್ಪತ್ತು ಜನಕ್ಕೆ ಆಗೋಷ್ಟು ಕುಸ್ಕುಸ್ ಹಬೆ ಮುಂದೆ ನಿಂತ್ರೆ ಯಾರಿಗೆ ನೋಯಲ್ಲ ಹೇಳಿ. ಇರೋರು ಇಬ್ರು, ಈ ಮನುಷ್ಯಂಗೆ ಇಪ್ಪತ್ತು ಜನದ ಅಡುಗೆ ಬೇಕು."

"ಅವಳ ಕಚೇರೀಲಿ ಗಂಡಸರನ್ನೂ ತಕ್ಕಡೀಲಿ ಇಟ್ಟು ನೋಡ್ತಾರಾ ಕೇಳು ಮಿಮೂನ್," ಅಂದಳು ಇಟ್ಟೊ. "ಅದಕ್ಕೇ ಒಬ್ಬನೂ ಪಾಸಾಗಿಲ್ಲ."

ಈಗ ನನ್ನ ಮಾತು ಕೇಳು. ನಮ್ಮ ಮನೆಯ ಗೀಸರ್ ಹಾಕಿದವನು ನಾನು. ಬಚ್ಚಲಿನ ಗೋಡೆಗೆ ಅಂಗೈ ಅಗಲದ ಗಾಳಿಕಿಂಡಿ ಕೊರೆದವನೂ ನಾನೇ. ಈ ಊರಿನಲ್ಲಿ ಕಿಂಡಿ ಕೊರೆಯದೆ ನಾನು ಒಂದು ಗೀಸರನ್ನೂ ಹಾಕಿಲ್ಲ. ಅಪ್ಪನ ಕೈಕೆಲಸದ ಮೇಲೆ ಅನುಮಾನ ಪಡಲಿ ಎಂದು ನಿನ್ನನ್ನು ಫೆಸ್‌ಗೆ ಕಳಿಸಿ ಓದಿಸಲಿಲ್ಲ.

ಜೀವಕ್ಕೆ ಬೆಲೆ ಹಾಕುತ್ತೀರಿ ಎಂದು ಬರೆದಿದ್ದೀಯ. ನನ್ನದಕ್ಕೆ ಎಷ್ಟು? ಹಳೆಯ ಮಾಲು, ಒಂದು ಕಿವಿ ಕೆಲಸ ಮಾಡುವುದಿಲ್ಲ, ರಿಯಾಯಿತಿ ಇರಬೇಕು. ಇಟ್ಟೊ ತನ್ನ ಬೆಲೆಯನ್ನೂ ಕೇಳು ಅಂದಿದ್ದಾಳೆ. ಹೆಚ್ಚಿದ್ದರೆ ಈಗಲೇ ಅರ್ಧ ಕೊಡಲಿ, ಛಾವಣಿ ಸರಿ ಮಾಡಿಸಬೇಕಂತೆ.

ಕೊಳವೆ ಇರುವ ಗೀಸರಿಗೆ ಮೂರು ಪಟ್ಟು ಬೆಲೆ. ಇಟ್ಟೊ ಎಲ್ಲಿಂದ ತರುತ್ತಾಳೆ? ಮತ್ತೆ ತಣ್ಣೀರಿಗೆ ಕೈ ಹಾಕುತ್ತಾಳೆ, ಬೆರಳು ಒಡೆದು ಕೂರುತ್ತಾಳೆ. ಅದನ್ನು ಯಾವ ತಟ್ಟೆಗೆ ಹಾಕುತ್ತೀ? ಕರಡು ನಿಯಮಕ್ಕೆ ಯಾರು ಬೇಕಾದರೂ ಆಕ್ಷೇಪಣೆ ಕಳಿಸಬಹುದಂತೆ. ನಾನೂ ಕಳಿಸುತ್ತೇನೆ. ಮಗಳಿಗೆ ಬರೆದರೆ ಉಪದೇಶ ಬರುತ್ತದೆ, ಸರ್ಕಾರಕ್ಕೆ ಬರೆದರೆ ಉತ್ತರವಾದರೂ ಬರಬಹುದು.

ಮಿಮೂನ್

---

ರಬಾತ್
ಫೆಬ್ರವರಿ 6, 2018

ಶ್ರೀ ಮಿಮೂನ್, ಕೊಳಾಯಿ ಕೆಲಸಗಾರರು, ಸೆಫ್ರೂ, ಇವರಿಗೆ.

ಮಾನ್ಯರೇ,

ಗ್ಯಾಸ್ ಗೀಸರುಗಳ ಕರಡು ನಿಯಮದ ಬಗ್ಗೆ ತಾವು ಕಳುಹಿಸಿದ ಆಕ್ಷೇಪಣೆಯನ್ನು ಪರಿಶೀಲಿಸಲಾಗಿದೆ. ಮನೆಯಲ್ಲಿ ಗುಂಡಿ ಕಟ್ಟಿ ಜೀವಿಸುವ ವಿಧವೆಯೊಬ್ಬರ ಉದಾಹರಣೆಯ ಮೂಲಕ, ಈ ನಿಯಮದ ಹೊರೆ ಕಡಿಮೆ ಆದಾಯದ ಮನೆಗಳ ಮೇಲೆ ಹೆಚ್ಚು ಬೀಳುತ್ತದೆ ಎಂದು ತಾವು ತೋರಿಸಿದ್ದೀರಿ. ಈ ಅಂಶ ಕರಡಿನಲ್ಲಿ ಸಾಕಷ್ಟು ಪರಿಗಣಿತವಾಗಿರಲಿಲ್ಲ.

ತಮ್ಮ ಹಾಗೂ ಇದೇ ಬಗೆಯ ಇತರ ಆಕ್ಷೇಪಣೆಗಳ ಆಧಾರದಲ್ಲಿ, ಈಗಾಗಲೇ ಮನೆಗಳಲ್ಲಿರುವ ಗೀಸರುಗಳಿಗೆ ಮೂರು ಚಳಿಗಾಲಗಳ ಗಡುವು ನೀಡಲು ಶಿಫಾರಸು ಮಾಡಲಾಗಿದೆ. ಗಡುವಿನ ಅವಧಿಯ ಅಂದಾಜು ಪರಿಣಾಮಗಳನ್ನು ಅನುಬಂಧದಲ್ಲಿ ಕಾಣಬಹುದು.

ತಮ್ಮ ಆಸಕ್ತಿಗೆ ವಂದನೆಗಳು.

ವಿಭಾಗದ ಮುಖ್ಯಸ್ಥರ ಪರವಾಗಿ,
ತುರಿಯಾ, ವಿಶ್ಲೇಷಕಿ

---

ಸೆಫ್ರೂ
ಫೆಬ್ರವರಿ 20, 2018

ಮಾನ್ಯ ವಿಶ್ಲೇಷಕಿಯವರೇ,

ತಮ್ಮ ಪತ್ರ ಕೈ ಸೇರಿತು. ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ಬಂದವರೆಲ್ಲ ಓದಿ ಹೋಗುತ್ತಾರೆ. ಮಗಳು ಅಪ್ಪನಿಗೆ "ಮಾನ್ಯರೇ" ಎಂದು ಬರೆದ ಕಾಗದ ಈ ಊರಿನಲ್ಲಿ ಇದೊಂದೇ ಇರಬೇಕು. ನೀನು ರಬಾತ್‌ಗೆ ಹೋದಾಗಿನಿಂದ ಈ ಎಂಟು ವರ್ಷ ನಿನಗೆ ಹೇಳಿದ ಒಂದು ಮಾತೂ ನಿನ್ನ ಕಿವಿಗೆ ಹೋಗಲಿಲ್ಲ, ಸರ್ಕಾರದ ಮೂಲಕ ಹೇಳಿದ್ದು ಹೋಯಿತು.

ಇಟ್ಟೊಗೆ ಓದಿ ಹೇಳಿದೆ. "ನನ್ನ ಹೆಸರು ಹಾಕಿಲ್ವಲ್ಲ," ಎಂದು ಬೇಜಾರು ಮಾಡಿಕೊಂಡಳು. ಆಮೇಲೆ ಊರಿನ ಹೆಂಗಸರೆಲ್ಲ ಸೇರಿ ಮೀಯುವ ಹಮ್ಮಾಮಿನಲ್ಲೆಲ್ಲ ಹೇಳಿಕೊಂಡು ಬಂದಳಂತೆ, "ರಬಾತ್‌ನಲ್ಲಿ ಎರಡು ತಿಂಗಳು ನನ್ನ ವಿಷಯಾನೇ ಕೂತು ಮಾತಾಡಿದ್ರು. ಕೊನೆಗೆ ಮೂರು ಚಳಿಗಾಲ ಅವಳ ತಂಟೆಗೆ ಹೋಗಬೇಡಿ ಅಂದ್ರು." ಬಿಸಿನೀರು ಮನೆಯಲ್ಲೇ ಇದ್ದರೂ ಸುದ್ದಿ ಹಂಚಲು ಹಮ್ಮಾಮು ಬೇಕೇ ಬೇಕು.

ಅನುಬಂಧವನ್ನೂ ಓದಿದೆ. ಕೊನೆಯ ಸಾಲಿನಲ್ಲಿ, ಗಡುವು ಕೊಟ್ಟದ್ದರಿಂದ ಮೂರು ಚಳಿಗಾಲದಲ್ಲಿ ಹೆಚ್ಚಾಗಿ ಸಾಯುವವರು ಸುಮಾರು ನಲವತ್ತು ಎಂದಿದೆ. ಇದು ಅಚ್ಚಿನ ತಪ್ಪೋ? ತಪ್ಪಲ್ಲದಿದ್ದರೆ, ಈ ನಲವತ್ತು ಜನ ಯಾರು?

ಮಿಮೂನ್

---

ರಬಾತ್
ಮಾರ್ಚ್ 4, 2018

ಅಪ್ಪಾ,

ತಪ್ಪಲ್ಲ. ಯಾರು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಈ ರಾತ್ರಿಯೇ ಹೋಗಿ ಬಾಗಿಲು ಬಡಿಯುತ್ತಿದ್ದೆ. ಕಳೆದ ವರ್ಷಗಳ ಸಾವು, ಗೀಸರುಗಳ ಅಂದಾಜು, ಊರಿನ ಚಳಿ ಇವುಗಳಿಂದ ಆ ಅಂಕಿ ಬರುತ್ತದೆ. ಅದಕ್ಕೆ ಹೆಸರಿರುವುದಿಲ್ಲ.

ನಿನ್ನ ಆಕ್ಷೇಪಣೆ ಬಂದ ದಿನ ಮುಖ್ಯಸ್ಥರ ಬಳಿ ಹೋಗಿ, ಇದು ನನ್ನ ಅಪ್ಪನದು, ಬೇರೆ ಯಾರಿಗಾದರೂ ಕೊಡಿ ಎಂದೆ. ಅವರು ಓದಿ ನಕ್ಕರು. "ನಮ್ಮಲ್ಲಿ ಗೀಸರ್ ಇಲ್ಲದವರು ಯಾರಿದಾರಮ್ಮ? ತೀರ್ಮಾನ ನಾನು ಮಾಡ್ತೀನಿ, ಉತ್ತರ ನೀನು ಬರಿ," ಅಂದರು. ಕೂಡಲೇ ಜಾರಿ ಮಾಡಿದರೆ ಏನು, ಗಡುವು ಕೊಟ್ಟರೆ ಏನು, ಎರಡನ್ನೂ ತೂಗಿ ಅವರ ಮುಂದಿಟ್ಟೆ. ಕೂಡಲೇ ಜಾರಿ ಮಾಡಿದರೆ ಸಾವಿರಾರು ಮನೆಗಳು ಕದ್ದುಮುಚ್ಚಿ ಹಳೆಯದನ್ನೇ ಇನ್ನೂ ಕೆಟ್ಟದಾಗಿ ಹಾಕಿಸಿಕೊಳ್ಳುತ್ತವೆ, ಬಡವರ ಕೈ ಖಾಲಿಯಾಗುತ್ತದೆ. ನೀನು ಹೇಳಿದ್ದು ಸುಳ್ಳಲ್ಲ. ತಕ್ಕಡಿ ಗಡುವಿನ ಕಡೆ ಬಾಗಿತು, ತುಂಬಾ ಅಲ್ಲ, ಸ್ವಲ್ಪ. ನಲವತ್ತನ್ನು ಮುಚ್ಚಿಡಬಾರದು ಎಂದು ನಾನೇ ಹಟ ಹಿಡಿದು ಆ ಸಾಲು ಬರೆಸಿದೆ.

ನಿನಗೆ ಗೆದ್ದ ಖುಷಿ ಇದೆ, ಇರಲಿ. ನನಗೆ ಒಂದು ಉಪಕಾರ ಮಾಡು. ಬಚ್ಚಲಿನ ಕಿಂಡಿ ತೆರೆದಿದೆಯೇ ಎಂದು ಒಮ್ಮೆ ಕೈ ಹಾಕಿ ನೋಡು.

ತುರಿಯಾ

---

ಸೆಫ್ರೂ
ಮಾರ್ಚ್ 18, 2018

ತುರಿಯಾ,

ನಾನೇ ಕೊರೆದ ಕಿಂಡಿಗೆ ನಾನೇ ಕೈ ಹಾಕಿ ನೋಡಬೇಕಂತೆ. ಚೆರ್ರಿ ಗಿಡಗಳು ಹೂ ಬಿಟ್ಟಿವೆ, ಚಳಿ ಹೋಯಿತು, ನಿನ್ನ ಅಮ್ಮನ ತಲೆನೋವೂ ಹೋಯಿತು. ಹಣ್ಣಿನ ಕಾಲಕ್ಕೆ ಬಾ.

ಮಿಮೂನ್

---

ಸೆಫ್ರೂ
ಡಿಸೆಂಬರ್ 2, 2018

ತುರಿಯಾ,

ಆಸ್ಪತ್ರೆಯಿಂದ ನಿನ್ನ ಅಮ್ಮನೇ ಫೋನ್ ಮಾಡಿದಳಲ್ಲ, ಬದುಕಿದ್ದಾಳೆ ಎಂದು ನಿನಗೆ ಗೊತ್ತು. ಉಳಿದದ್ದನ್ನು ನಾನು ಬರೆಯಬೇಕು. ಅವಳು ನಿನಗೆ ಜಾರಿ ಬಿದ್ದೆ ಎಂದು ಹೇಳಿದಳು. ಜಾರಿ ಬೀಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ನಾನಕ್ಕೆ ಹೋದಳು. ನಾನು ಮುಂದಿನ ಕೋಣೆಯಲ್ಲಿ ಒಂದು ನಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದೆ. ಇಟ್ಟೊ ಕತ್ತರಿ ವಾಪಸು ಕೊಡಲು ಬಂದು, "ಹನಿಯಾ ಎಲ್ಲಿ?" ಅಂದಳು. ಸ್ನಾನ ಅಂದೆ. ಬಚ್ಚಲ ಬಾಗಿಲಿಗೆ ಹೋಗಿ ಕೂಗಿದಳು. ಮತ್ತೆ ಕೂಗಿದಳು. ಆಮೇಲೆ ನನ್ನ ಹತ್ತಿರ ಬಂದು ಭುಜ ಹಿಡಿದು ಅಲ್ಲಾಡಿಸಿದಳು. "ನೀರು ಸುರೀತಾನೇ ಇದೆ, ಅವಳು ಮಾತಾಡ್ತಿಲ್ಲ ಕಣೋ," ಅಂದಳು. ನನಗೆ ನೀರಿನ ಸದ್ದೂ ಕೇಳಿರಲಿಲ್ಲ.

ಬಾಗಿಲು ಒಡೆದೆ. ನಿನ್ನ ಅಮ್ಮ ಗೋಡೆಗೆ ಒರಗಿ ಕೂತಿದ್ದಳು, ಕೆನ್ನೆ ಕೆಂಪಗಿತ್ತು, ಆರೋಗ್ಯವಾಗಿರುವವರ ಕೆನ್ನೆಯ ಹಾಗೆ. ಇಟ್ಟೊ ಅವಳನ್ನು ಒಬ್ಬಳೇ ಅಂಗಳಕ್ಕೆ ಎಳೆದು ತಂದಳು. ನಾನು ಒಡೆದ ಬಾಗಿಲನ್ನೇ ಹಿಡಿದು ನಿಂತಿದ್ದೆ, ಇದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ. ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದೆವು. ಇನ್ನರ್ಧ ಗಂಟೆ ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದು ವೈದ್ಯೆ ಹೇಳಿದಳು. ಗೀಸರಿಗೆ ಕೊಳವೆ ಇದೆಯಾ ಎಂದು ಕೇಳಿದಳು. ಇಲ್ಲ ಅಂದೆ. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದಳು. ಅದನ್ನೂ ಹೇಳಿದೆ.

ಸಂಜೆ ಮನೆಗೆ ಬಂದು ಕಿಂಡಿಗೆ ಕೈ ಹಾಕಿದೆ. ರೇಷ್ಮೆ ಎಳೆಯ ತುಂಡುಗಳನ್ನು ಬಿಗಿಯಾಗಿ ಸುತ್ತಿ ಮಾಡಿದ ಉಂಡೆ ಕೈಗೆ ಬಂತು. ಗುಂಡಿ ಕಟ್ಟಿ ಉಳಿದ ಎಳೆಗಳನ್ನು ಇವರು ಎಸೆಯುವುದಿಲ್ಲ, ನಿನಗೆ ಗೊತ್ತಲ್ಲ. ಚಳಿಗಾಳಿ ಬರದಿರಲಿ ಎಂದು ನಿನ್ನ ಅಮ್ಮ ಅಕ್ಟೋಬರಿನಲ್ಲಿ ತುರುಕುತ್ತಾಳೆ, ಮಾರ್ಚಿನಲ್ಲಿ ತೆಗೆಯುತ್ತಾಳೆ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಇಟ್ಟೊಳೂ ಅಷ್ಟೇ, ಬೀದಿಯ ಅರ್ಧ ಹೆಂಗಸರೂ ಅಷ್ಟೇ. ಇಟ್ಟೊಳನ್ನು ಕೇಳಿದ್ದಕ್ಕೆ, "ರೇಷ್ಮೆ ಉಸಿರಾಡುತ್ತಲ್ಲ, ಚಳೀನ ತಡೆಯುತ್ತೆ, ಗಾಳೀನ ಬಿಡುತ್ತೆ. ಚಿಂದಿ ತುರುಕಿದ್ರೆ ತಪ್ಪು," ಅಂದಳು.

ಕಿಂಡಿ ಕೊರೆದು ಬಂದೆ, ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನೀನು ಮಾರ್ಚಿನಲ್ಲಿ ನೋಡು ಎಂದು ಬರೆದಾಗ ನೋಡಲಿಲ್ಲ. ಆ ನಲವತ್ತರಲ್ಲಿ ಒಬ್ಬಳು ನನ್ನ ಮನೆಯಲ್ಲೇ ಇದ್ದಳು ತುರಿಯಾ.

ಗೀಸರ್ ಬಿಚ್ಚಿ ಹೊರಗಿಟ್ಟಿದ್ದೇನೆ. ಬಾ.

ಅಪ್ಪ

---

ರಬಾತ್
ಡಿಸೆಂಬರ್ 23, 2018

ಅಪ್ಪಾ,

ಕ್ಷೇಮವಾಗಿ ತಲುಪಿದೆ. ಅಮ್ಮ ಕಟ್ಟಿಕೊಟ್ಟ, ಕೊಬ್ಬಿನಲ್ಲಿ ಹಾಕಿಟ್ಟ ಒಣಮಾಂಸದ ಡಬ್ಬಿ ರೈಲಿನಲ್ಲಿ ಸೋರಿ ಪಕ್ಕದವನ ಪ್ಯಾಂಟು ಹಾಳಾಯಿತು. ಪುಣ್ಯಾತ್ಮ, ಬೈಯುವ ಬದಲು ಯಾವ ಊರಿನದು ಎಂದು ಕೇಳಿದ.

ಮನೆಯಲ್ಲಿದ್ದ ಹತ್ತು ದಿನವೂ ನಾವಿಬ್ಬರೂ ಇದರ ಮಾತೆತ್ತಲಿಲ್ಲ. ನೀನು ಅಂಗಡಿಗೆ ಹೋಗುತ್ತಿದ್ದೆ, ನಾನು ಅಮ್ಮನ ಕಾಲ ಬಳಿ ಕೂರುತ್ತಿದ್ದೆ. ಅಂಗಡಿಯ ಗೋಡೆಯಿಂದ ನನ್ನ ಪತ್ರ ತೆಗೆದಿರುವುದನ್ನು ನೋಡಿದೆ.

ನನಗೆ ನಿನ್ನ ಮೇಲೆ ಕೋಪ ಇದೆ. ಅದಕ್ಕಿಂತ ಹೆಚ್ಚು ಭಯ ಇದೆ. ಕಚೇರಿಗೆ ಬಂದ ಮೊದಲ ದಿನ ಆ ಕಡತ ತೆಗೆದು ಮತ್ತೆ ಲೆಕ್ಕ ಹಾಕಿದೆ. ಅಮ್ಮನ ಮುಖ ಕಣ್ಣಮುಂದೆ ಇಟ್ಟುಕೊಂಡೇ ಹಾಕಿದೆ. ತಕ್ಕಡಿ ಮತ್ತೆ ಗಡುವಿನ ಕಡೆಯೇ ಬಾಗಿತು. ಲೆಕ್ಕ ತಪ್ಪಿದ್ದರೆ ಚೆನ್ನಾಗಿತ್ತು, ತಿದ್ದಿ ಸುಮ್ಮನಾಗಬಹುದಿತ್ತು. ಕಿಂಡಿಗೆ ತುರುಕುವ ಉಂಡೆಯ ಬಗ್ಗೆ ಟಿಪ್ಪಣಿ ಬರೆದು ಮುಖ್ಯಸ್ಥರಿಗೆ ಕೊಟ್ಟಿದ್ದೇನೆ. ಅದು ನಿಯಮದೊಳಗೆ ಸೇರುವ ಹೊತ್ತಿಗೆ ಎರಡನೆಯ ಚಳಿಗಾಲವೂ ಮುಗಿದಿರುತ್ತದೆ.

ಗೀಸರುಗಳು ಎಲ್ಲೆಲ್ಲಿವೆ ಎಂದು ನಮ್ಮ ಕಚೇರಿಗೆ ತಿಳಿಯದು. ನಿಮ್ಮ ಬೀದಿಯವು ನಿನಗೆ ತಿಳಿದಿವೆ. ಇಷ್ಟೇ ಹೇಳುವುದಿತ್ತು.

ತುರಿಯಾ

---

ಸೆಫ್ರೂ
ಫೆಬ್ರವರಿ 10, 2019

ಮಗಳೇ,

ನಿನ್ನ ಅಮ್ಮ ಈಗ ಮಂಗಳವಾರ ಹಮ್ಮಾಮಿಗೆ ಹೋಗುತ್ತಾಳೆ. ಬರುವಾಗ ಊರಿನ ಸುದ್ದಿಯೆಲ್ಲ ತರುತ್ತಾಳೆ, ತಲೆನೋವು ತರುವುದಿಲ್ಲ.

ಜನವರಿಯಿಂದ ಮನೆಮನೆ ತಿರುಗುತ್ತಿದ್ದೇನೆ. ಅಗ್ಗದ ಗೀಸರ್ ಮಾರುವುದು ಬಿಟ್ಟೆ. ಹಾಕಿದ್ದನ್ನು ಬಿಚ್ಚಿ ಅಂಗಳದ ಗೋಡೆಗೋ, ತಾರಸಿಗೋ ಸಾಗಿಸಿ, ಅಲ್ಲಿಂದ ಬಚ್ಚಲಿಗೆ ಪೈಪು ಎಳೆದುಕೊಡುತ್ತೇನೆ. ಕೂಲಿ ಕೇಳುವುದಿಲ್ಲ, ಆದರೂ ಜನ ಬೈಯುತ್ತಾರೆ. "ಮಗಳು ಸರ್ಕಾರ ಅಂದ್ಕೊಂಡಿದ್ವಿ, ಅಪ್ಪಾನೂ ಸರ್ಕಾರಾನೇ ಆಗೋದ," ಎಂದು ಕಟುಕರ ಬೀದಿಯಲ್ಲಿ ಒಬ್ಬ ಬಾಗಿಲು ಹಾಕಿಕೊಂಡ. ನಾಳೆ ಮತ್ತೆ ಹೋಗುತ್ತೇನೆ.

ಎಲ್ಲರಿಗಿಂತ ಮೊದಲು ಇಟ್ಟೊಳ ಮನೆಗೆ ಹೋಗಿದ್ದೆ. ಹನಿಯಾಳನ್ನು ತನ್ನ ಕೈಯಿಂದ ಎಳೆದು ತಂದವಳು, ಅವಳಿಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಬಾಗಿಲಿಗೆ ಅಡ್ಡ ನಿಂತಳು.

"ಮೂರು ಚಳಿಗಾಲ ಅಂತ ಸರ್ಕಾರದ ಹತ್ರ ಕೇಳಿ ತಗೊಂಡೋನು ಯಾರು?"

"ನಾನೇ."

"ಯಾರನ್ನ ತೋರಿಸಿ?"

"ನಿನ್ನನ್ನೇ."

"ಹಾಗಾದ್ರೆ ಇನ್ನೂ ಎರಡು ಬಾಕಿ ಇದೆ. ಹನಿಯಾಗೆ ಆಗಿದ್ದು ಹನಿಯಾಳ ಹಣೆಬರಹ. ನನ್ನ ಉಂಡೆ ಅಸಲಿ ರೇಷ್ಮೆದು. ಹೋಗು."

ಮರುವಾರ ಅವಳು ಕಟ್ಟಿದ ಗುಂಡಿಗಳನ್ನು ಕೊಡಲು ಫೆಸ್‌ಗೆ ಹೋದಳು. ಎಂದಿನಂತೆ ಕೀಲಿಕೈ ನಿನ್ನ ಅಮ್ಮನ ಬಳಿ ಕೊಟ್ಟಿದ್ದಳು. ನಿನ್ನ ಅಮ್ಮ ಅದನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ಸಂಜೆಯೊಳಗೆ ಗೀಸರನ್ನು ಅಂಗಳಕ್ಕೆ ಸಾಗಿಸಿ ಮುಗಿಸಿದೆ. ಕಿಂಡಿಯಲ್ಲಿದ್ದ ಉಂಡೆಯನ್ನೂ ತಂದೆ. ಅದು ಅಸಲಿ ರೇಷ್ಮೆಯೂ ಅಲ್ಲ.

ಇಟ್ಟೊ ಬಂದು ನೋಡಿ ಏನೇನು ಹೇಳಿದಳು ಎಂಬುದನ್ನು ಕಾಗದದಲ್ಲಿ ಬರೆಯಲಾಗುವುದಿಲ್ಲ. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಆದರೆ ಅಂಗಳದಲ್ಲಿ ಗಾಳಿ ಬೀಸಿದಾಗಲೆಲ್ಲ ಗೀಸರಿನ ಉರಿ ಆರುತ್ತದೆ. ಆರಿದಾಗಲೆಲ್ಲ ಅವಳು ಒದ್ದೆ ಕೈಯಲ್ಲಿ ಹೊರಗೆ ಬಂದು ಬೆಂಕಿಕಡ್ಡಿ ಗೀರಬೇಕು. ಗೀರುವಾಗಲೆಲ್ಲ ಗೋಡೆಯ ಆಚೆಯಿಂದ ನನ್ನನ್ನೂ ನನ್ನ ಕೈಯನ್ನೂ ಸರ್ಕಾರವನ್ನೂ ಸೇರಿಸಿ ಬೈಯುತ್ತಾಳೆ. ನನ್ನ ಕಿವಿಗೂ ಕೇಳುವಷ್ಟು ಜೋರಾಗಿ ಬೈಯುತ್ತಾಳೆ.

ಜೀವ ಉಳಿದವರು ಯಾರೂ ಬಂದು ಹೇಳುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ ಎಂದು ನೀನು ಮೊದಲ ಕಾಗದದಲ್ಲಿ ಬರೆದಿದ್ದೆ. ಇಟ್ಟೊಗೂ ಗೊತ್ತಿಲ್ಲ. ಅವಳು ಆ ನಲವತ್ತರಲ್ಲಿ ಇದ್ದಳೋ ಇಲ್ಲವೋ ನನಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಬೆಳಿಗ್ಗೆ ಎದ್ದು ಆ ಕಡೆಯ ಕಿಟಕಿ ತೆರೆದು ಕೂರುತ್ತೇನೆ. ಚಳಿ ಒಳಗೆ ಬರುತ್ತದೆ ಎಂದು ನಿನ್ನ ಅಮ್ಮ ಗೊಣಗುತ್ತಾಳೆ, ಆದರೆ ಅವಳೂ ಮುಚ್ಚುವುದಿಲ್ಲ. ಇಟ್ಟೊಳ ಮೊದಲ ಬೈಗುಳ ಕೇಳಿಸಿದ ಮೇಲೆ ಇಬ್ಬರೂ ಚಹಾ ಕುಡಿಯುತ್ತೇವೆ.

ನಿನ್ನ ಅಪ್ಪ,
ಮಿಮೂನ್